ಆಸ್ಟ್ರೇಲಿಯಾದ 482 ವೀಸಾಗೆ ಸ್ಪಾನ್ಸರ್ ಮಾಡುತ್ತೀರಾ? ಸಂಬಳದ ಲೆಕ್ಕ ಹೀಗೆ ಹಾಕಿ

ಆಸ್ಟ್ರೇಲಿಯಾದಲ್ಲಿ ಹೋಟೆಲ್, ಗ್ಯಾರೇಜ್, ಸಾಫ್ಟ್‌ವೇರ್ ಕಂಪನಿ, ಏನೇ ನಡೆಸುತ್ತಿರಲಿ, 482ರಲ್ಲಿ, ಅಂದರೆ ಮಾಲೀಕರ ಸ್ಪಾನ್ಸರ್ ಮೇಲೆ ಸಿಗುವ ತಾತ್ಕಾಲಿಕ ಕೆಲಸದ ವೀಸಾದಲ್ಲಿ, ಹೊರದೇಶದಿಂದ ನುರಿತ ಕೆಲಸಗಾರರನ್ನು ಕರೆಸಿಕೊಳ್ಳಲು ಹೊರಟವರು ಮೊದಲು ಕೇಳುವುದು ಒಂದೇ: "ಕನಿಷ್ಠ ಎಷ್ಟು ಸಂಬಳ ತೋರಿಸಬೇಕು?" ಈ ಪ್ರಶ್ನೆಯಲ್ಲೇ ಎಡವಟ್ಟಿದೆ. ಇಲ್ಲಿ ಪರೀಕ್ಷೆ ಒಂದಲ್ಲ, ಎರಡು. ಸರ್ಕಾರ ಹೇಳಿದ ಕನಿಷ್ಠ ಮಿತಿಯನ್ನು ದಾಟಬೇಕು. ಜೊತೆಗೆ, ಅದೇ ಜಾಗದಲ್ಲಿ ಅದೇ ಕೆಲಸಕ್ಕೆ ಒಬ್ಬ ಆಸ್ಟ್ರೇಲಿಯನ್‌ಗೆ ಎಷ್ಟು ಸಿಗುತ್ತದೋ ಅಷ್ಟನ್ನು ಕೊಡಬೇಕು. ಹೆಚ್ಚಿನವರು ಮೊದಲನೆಯದನ್ನು ನೋಡಿ ಎರಡನೆಯದನ್ನು ಮರೆಯುತ್ತಾರೆ. ನಾಮಿನೇಷನ್, ಅಂದರೆ ಈ ಕೆಲಸಕ್ಕೆ ಇವರನ್ನು ಕರೆಸಿಕೊಳ್ಳುತ್ತೇನೆ ಅಂತ ಮಾಲೀಕರು ಇಲಾಖೆಗೆ ಹಾಕುವ ಅರ್ಜಿ, ಕೆಡುವುದು ಅಲ್ಲೇ.

ಮಾಲೀಕರಿಗಾಗಿ ಬರೆದಿದ್ದರೂ, ಸ್ಪಾನ್ಸರ್ ಸಿಕ್ಕಿ ಹೋಗುತ್ತಿರುವ ಕೆಲಸಗಾರರೂ ಇದನ್ನು ಓದಿಕೊಂಡರೆ ಒಳ್ಳೆಯದು. ಕಾಂಟ್ರ್ಯಾಕ್ಟ್‌ನಲ್ಲಿ ಏನಿರಬೇಕು, ಏನಿರಬಾರದು ಅಂತ ಗೊತ್ತಿದ್ದರೆ ಸಹಿ ಹಾಕುವ ಮೊದಲೇ ಕೇಳಬಹುದು.

ಇಲ್ಲಿರುವ ಅಂಕಿಗಳು 2025-26ನೇ ಹಣಕಾಸು ವರ್ಷದವು. ಎಲ್ಲ ಹಣವೂ ಆಸ್ಟ್ರೇಲಿಯನ್ ಡಾಲರ್‌ನಲ್ಲಿದೆ. ಆಸ್ಟ್ರೇಲಿಯಾದ ಹಣಕಾಸು ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ, ಮಿತಿಗಳೂ ಅದೇ ದಿನ ಏರುತ್ತವೆ. ಹಾಗಾಗಿ ಅರ್ಜಿ ಹಾಕುವ ದಿನ ಗೃಹ ವ್ಯವಹಾರ ಇಲಾಖೆಯ, ಅಂದರೆ ಹೋಮ್ ಅಫೇರ್ಸ್‌ನ, ವೆಬ್‌ಸೈಟ್‌ನಲ್ಲಿ ಹೊಸ ಅಂಕಿಯನ್ನು ನೋಡಿಕೊಳ್ಳಿ.

ಈ ಮಿತಿ ಎಲ್ಲಿಂದ ಬಂತು

ಹಳಬರು ಈಗಲೂ "457 ವೀಸಾ" ಅಂತಲೇ ಮಾತಾಡುತ್ತಾರೆ. 1996ರಲ್ಲಿ ಬಂದ ಆ ವೀಸಾವನ್ನು 2018ರ ಮಾರ್ಚ್‌ನಲ್ಲಿ ನಿಲ್ಲಿಸಿ 482 ತಂದರು. 2024ರ ಡಿಸೆಂಬರ್ 7ರಂದು 482ರ ಒಳಗಿನ ವ್ಯವಸ್ಥೆಯನ್ನೇ ಬದಲಿಸಿ ಸ್ಕಿಲ್ಸ್ ಇನ್ ಡಿಮ್ಯಾಂಡ್ ಅಂತ ಹೆಸರಿಟ್ಟರು. ನಂಬರ್ ಮಾತ್ರ ಹಾಗೇ ಉಳಿಯಿತು.

ಕನಿಷ್ಠ ಸಂಬಳದ ಕಥೆ ಇನ್ನೂ ವಿಚಿತ್ರ. 2013ರಲ್ಲಿ 53,900 ಡಾಲರ್ ಅಂತ ಇಟ್ಟ ಮಿತಿಯನ್ನು ಹತ್ತು ವರ್ಷ ಯಾರೂ ಮುಟ್ಟಲಿಲ್ಲ. ಸುತ್ತಲಿನ ಸಂಬಳ, ಬಾಡಿಗೆ, ದಿನಸಿ ಎಲ್ಲ ಏರಿದವು, ಇದು ಮಾತ್ರ ನಿಂತಲ್ಲೇ ನಿಂತಿತ್ತು. ನುರಿತವರ ವೀಸಾ ಅಂತ ಹೆಸರು, ಸಂಬಳ ಮಾತ್ರ ಕಡಿಮೆ ಅನ್ನುವ ಸ್ಥಿತಿ ಬಂತು. 2023ರಲ್ಲಿ ಮಾರ್ಟಿನ್ ಪಾರ್ಕಿನ್ಸನ್ ನೇತೃತ್ವದ ವಲಸೆ ಪರಿಶೀಲನಾ ವರದಿ ಬಂದ ಮೇಲೆ, ಆ ವರ್ಷದ ಜುಲೈ 1ರಂದು ಒಂದೇ ಏಟಿಗೆ 70,000ಕ್ಕೆ ಏರಿಸಿದರು. ಮರುವರ್ಷ 73,150 ಆಯಿತು. 2025ರ ಜುಲೈ 1ರಿಂದ 76,515. ಈಗ ಪ್ರತಿ ವರ್ಷ ದೇಶದ ಸರಾಸರಿ ಸಂಬಳ ಏರಿದ ಹಾಗೆ ಇದೂ ಏರುತ್ತದೆ. "ಹೋದ ವರ್ಷ ನನ್ನ ಗೆಳೆಯ ಇಷ್ಟಕ್ಕೇ ಕರೆಸಿಕೊಂಡ" ಅನ್ನುವ ಮಾತು ಈಗ ಕೆಲಸಕ್ಕೆ ಬರುವುದಿಲ್ಲ.

ಹೆಜ್ಜೆ 1: ಯಾವ ಸ್ಟ್ರೀಮ್ ಅಂತ ತೀರ್ಮಾನಿಸಿ

ಸ್ಟ್ರೀಮ್ ಅಂದರೆ ಈ ವೀಸಾದೊಳಗಿನ ವಿಭಾಗ. ಸಂಬಳದ ಮಿತಿ ಅದರ ಮೇಲೆ ನಿಂತಿದೆ. ಕೋರ್ ಸ್ಕಿಲ್ಸ್ ಸ್ಟ್ರೀಮ್‌ಗೆ 76,515. ಕೆಲಸವೂ ಸರ್ಕಾರದ ಕೋರ್ ಸ್ಕಿಲ್ಸ್ ಪಟ್ಟಿಯಲ್ಲಿರಬೇಕು. ಶುರುವಿನಲ್ಲಿ ಆ ಪಟ್ಟಿಯಲ್ಲಿ 456 ಕೆಲಸಗಳಿದ್ದವು. ಸಣ್ಣ ಮಾಲೀಕರಲ್ಲಿ ಹೆಚ್ಚಿನವರು ಬರುವುದು ಇಲ್ಲಿಗೇ.

ಸ್ಪೆಷಲಿಸ್ಟ್ ಸ್ಕಿಲ್ಸ್ ಸ್ಟ್ರೀಮ್‌ಗೆ ಮಿತಿ 1,41,210. ಇದಕ್ಕೆ ಪಟ್ಟಿಯ ಹಂಗಿಲ್ಲ, ಅರ್ಜಿಯೂ ಬೇಗ ಮುಗಿಯುತ್ತದೆ. ಆದರೆ ಟ್ರೇಡ್ ಕೆಲಸಗಾರರು (ಅಡುಗೆ, ರಿಪೇರಿಯಂಥ ಕಸುಬಿನವರು), ಮೆಷಿನ್ ಆಪರೇಟರ್‌ಗಳು, ಡ್ರೈವರ್‌ಗಳು, ಕೂಲಿ ಕೆಲಸದವರು ಇದರಲ್ಲಿ ಬರುವಂತಿಲ್ಲ. ಶೆಫ್ ಒಬ್ಬರಿಗೆ ಒಂದೂವರೆ ಲಕ್ಷ ಕೊಡುತ್ತೇನೆ ಅಂದರೂ ಅವರು ಟ್ರೇಡ್ ಗುಂಪಿನವರೇ, ಕೋರ್ ಸ್ಟ್ರೀಮ್‌ನಲ್ಲೇ ಬರಬೇಕು.

ಮೂರನೆಯದು ಲೇಬರ್ ಅಗ್ರಿಮೆಂಟ್, ಅಂದರೆ ಸರ್ಕಾರದ ಜೊತೆ ವಿಶೇಷ ಒಪ್ಪಂದ. ನಾರ್ದರ್ನ್ ಟೆರಿಟರಿಯಂಥ ಕೆಲವು ಪ್ರದೇಶಗಳಿಗೆ ಡಾಮಾ ಅನ್ನುವ ಒಪ್ಪಂದವಿದೆ. ಅದರಡಿ ಕೆಲವು ಕೆಲಸಗಳಿಗೆ ಕನಿಷ್ಠ ಮಿತಿಯಲ್ಲಿ ರಿಯಾಯಿತಿ ಸಿಗುತ್ತದೆ. ಒಪ್ಪಂದ ಇಲ್ಲದಿದ್ದರೆ ಸಿಡ್ನಿಗೂ ಸಣ್ಣ ಊರಿಗೂ ಮಿತಿ ಒಂದೇ. "ನಮ್ಮೂರಲ್ಲಿ ಬಾಡಿಗೆ ಕಡಿಮೆ" ಅನ್ನುವುದು ಲೆಕ್ಕಕ್ಕಿಲ್ಲ.

ಹೆಜ್ಜೆ 2: ಸಂಬಳದೊಳಗೆ ಏನೇನು ಬರುತ್ತದೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಲೆಕ್ಕ ತಪ್ಪಿ ನಾಮಿನೇಷನ್ ತಿರಸ್ಕಾರವಾಗುವ ಜಾಗಗಳಲ್ಲಿ ಇದೂ ಒಂದು.

ಲೆಕ್ಕಕ್ಕೆ ಬರುವುದು ಗ್ಯಾರಂಟಿ ಇರುವ ವಾರ್ಷಿಕ ಸಂಬಳ. ಅಂದರೆ ವ್ಯಾಪಾರ ಚೆನ್ನಾಗಿರಲಿ ಬಿಡಲಿ, ಕಾಂಟ್ರ್ಯಾಕ್ಟ್ ಪ್ರಕಾರ ಕೈಗೆ ಬಂದೇ ಬರುವ ಹಣ. ಮೂಲ ಸಂಬಳ, ಖಚಿತವಾಗಿ ಕೊಡುವ ಅಲೋಯನ್ಸ್ ಸೇರುತ್ತವೆ. ಬೋನಸ್, ಕಮಿಷನ್, ಆಗೊಮ್ಮೆ ಈಗೊಮ್ಮೆ ಬರುವ ಓವರ್‌ಟೈಮ್ ಸೇರುವುದಿಲ್ಲ. ಕೆಲಸಕ್ಕಾಗಿ ಮಾಡಿದ ಖರ್ಚನ್ನು ವಾಪಸ್ ಕೊಡುವುದೂ ಸಂಬಳವಲ್ಲ.

ಈಗ ಸೂಪರ್ ವಿಷಯ. ಸೂಪರ್‌ಆ್ಯನುಯೇಷನ್ ಅಂದರೆ ಮಾಲೀಕರು ಕಡ್ಡಾಯವಾಗಿ ಕಟ್ಟಬೇಕಾದ ನಿವೃತ್ತಿ ನಿಧಿ. 2025ರ ಜುಲೈ 1ರಿಂದ ಇದು 12%. ಈ ಹಣ ಮಿತಿಯ ಲೆಕ್ಕದಲ್ಲಿ ಬರುವುದಿಲ್ಲ, ಅದರ ಮೇಲೆ ಬೇರೆಯಾಗಿ ಕಟ್ಟಬೇಕು.

ಎಡವುವುದು ಹೀಗೆ. ಆಸ್ಟ್ರೇಲಿಯಾದಲ್ಲಿ ಸಂಬಳವನ್ನು "ಪ್ಯಾಕೇಜ್" ಅಂತ ಸೂಪರ್ ಸೇರಿಸಿ ಹೇಳುವ ರೂಢಿ ಇದೆ. ಮಾಲೀಕರು "76,515 ಪ್ಯಾಕೇಜ್" ಅಂತ ಬರೆದುಬಿಡುತ್ತಾರೆ. ಅದರಲ್ಲಿ ಸೂಪರ್ ಕಳೆದರೆ ಮೂಲ ಸಂಬಳ ಸುಮಾರು 68,317 ಅಷ್ಟೇ. ಮಿತಿಗಿಂತ ಎಂಟು ಸಾವಿರ ಕಡಿಮೆ! ಸರಿಯಾದ ಲೆಕ್ಕ ಉಲ್ಟಾ: 76,515 ಮೂಲ ಸಂಬಳ, ಅದರ 12% ಅಂದರೆ 9,181.80 ಸೂಪರ್, ಒಟ್ಟು 85,696.80. ಕಾಂಟ್ರ್ಯಾಕ್ಟ್‌ನಲ್ಲಿ "ಸೂಪರ್ ಹೊರತುಪಡಿಸಿ" ಅಂತ ಸ್ಪಷ್ಟವಾಗಿ ಬರೆಯಿರಿ.

ಇನ್ನೊಂದು ಗುಂಡಿ ಮನೆ ಮತ್ತು ಊಟ. "ಇರೋಕೆ ರೂಮ್ ಕೊಡ್ತೀನಿ, ಊಟ ಕಿಚನ್‌ನಲ್ಲೇ ಆಗುತ್ತೆ, ಅದನ್ನೂ ಸೇರಿಸಿದರೆ ಮಿತಿ ದಾಟುತ್ತಲ್ಲ" ಅನ್ನುವ ವಾದ ಹೋಟೆಲ್ ನಡೆಸುವವರಲ್ಲಿ ಜಾಸ್ತಿ. ಮನೆ, ಊಟ, ಓಡಾಡಲು ಕಾರು, ಇವೆಲ್ಲ ಹಣವಲ್ಲದ ಸೌಲಭ್ಯಗಳು. ಕನಿಷ್ಠ ಮಿತಿ ನೋಡುವಾಗ ಇವನ್ನು ಬಿಟ್ಟು ಲೆಕ್ಕ ಹಾಕುತ್ತಾರೆ. ರೂಮ್ ಕೊಡುವುದು ಒಳ್ಳೆಯದೇ, ಆದರೆ ಅದು ಮಿತಿ ದಾಟಿಸುವುದಿಲ್ಲ.

ಹೆಜ್ಜೆ 3: ಮಾರುಕಟ್ಟೆ ಸಂಬಳ ಕಂಡುಹಿಡಿಯಿರಿ

ಇದಕ್ಕೆ ಇಲಾಖೆ ಇಟ್ಟ ಹೆಸರು ಆ್ಯನುಯಲ್ ಮಾರ್ಕೆಟ್ ಸ್ಯಾಲರಿ ರೇಟ್. ನಿಮ್ಮ ಊರಲ್ಲಿ, ನಿಮ್ಮಂಥ ಕಡೆ, ಅದೇ ಕೆಲಸ ಮಾಡುವ ಆಸ್ಟ್ರೇಲಿಯನ್ ಪ್ರಜೆಗೆ ಅಥವಾ ಪಿಆರ್ (ಕಾಯಂ ವಾಸದ ಹಕ್ಕು) ಇರುವವರಿಗೆ ವರ್ಷಕ್ಕೆ ಎಷ್ಟು ಸಿಗುತ್ತದೆ ಅನ್ನುವುದು ಪ್ರಶ್ನೆ. ಉತ್ತರ ನಿಮ್ಮ ಅಂದಾಜಿನಿಂದ ಬರುವುದಲ್ಲ, ಕಾಗದದಿಂದ ಬರಬೇಕು.

ನಿಮ್ಮಲ್ಲೇ ಅಂಥವರು ಕೆಲಸಕ್ಕಿದ್ದರೆ ದಾರಿ ಸುಲಭ. ಅವರ ಕಾಂಟ್ರ್ಯಾಕ್ಟ್, ಪೇಸ್ಲಿಪ್ ಇಟ್ಟುಕೊಳ್ಳಿ. ಅವರಿಗೆ ಸಿಗುವುದೇ ಅಳತೆ. ಇಬ್ಬರ ಅನುಭವದಲ್ಲಿ ನಿಜವಾದ ವ್ಯತ್ಯಾಸ ಇದ್ದರೆ ಅದನ್ನು ಬರೆದು ವಿವರಿಸಬಹುದು. ಹತ್ತು ವರ್ಷದ ಹಿರಿಯ ಶೆಫ್‌ಗೂ ಎರಡು ವರ್ಷದವರಿಗೂ ಒಂದೇ ಸಂಬಳ ಇರಬೇಕಿಲ್ಲ. ಆದರೆ "ಇವರು ಹೊರಗಿನವರು, ಇನ್ನೂ ಕಲಿಯಬೇಕು" ಅನ್ನುವುದು ಕಾರಣವಾಗದು. ನುರಿತವರು ಅಂತ ತಾನೇ ಕರೆಸಿಕೊಳ್ಳುತ್ತಿರುವುದು, ಅಲ್ವಾ?

ಕೆಲಸಕ್ಕೆ ಅವಾರ್ಡ್ ಅಥವಾ ಎಂಟರ್‌ಪ್ರೈಸ್ ಅಗ್ರಿಮೆಂಟ್ (ಕಂಪನಿ ತನ್ನ ಸಿಬ್ಬಂದಿ ಜೊತೆ ಮಾಡಿಕೊಂಡ ಸಂಬಳ ಒಪ್ಪಂದ) ಅನ್ವಯಿಸುತ್ತದೆಯೇ ಅಂತಲೂ ನೋಡಬೇಕು. ಅವಾರ್ಡ್ ಅಂದರೆ ಒಂದೊಂದು ಉದ್ಯಮಕ್ಕೆ ದೇಶದ ಕಾರ್ಮಿಕ ಆಯೋಗವಾದ ಫೇರ್ ವರ್ಕ್ ಕಮಿಷನ್ ಗೊತ್ತುಮಾಡಿದ ಕನಿಷ್ಠ ದರ ಮತ್ತು ಷರತ್ತುಗಳು. ರೆಸ್ಟೋರೆಂಟ್‌ಗೆ ಒಂದು, ವಾಹನ ರಿಪೇರಿಗೆ ಒಂದು, ಹೀಗೆ. ಅವಾರ್ಡ್ ಮೇಲೆ ನಿಂತುಬಿಡಬೇಡಿ. ನಿಮ್ಮಲ್ಲಿರುವ ಆಸ್ಟ್ರೇಲಿಯನ್ ಮೆಕ್ಯಾನಿಕ್‌ಗೆ ಅವಾರ್ಡ್‌ಗಿಂತ ಜಾಸ್ತಿ ಕೊಡುತ್ತಿದ್ದರೆ, ಹೊಸಬರಿಗೂ ಆ ಜಾಸ್ತಿ ದರವೇ.

ನಿಮ್ಮಲ್ಲಿ ಅಂಥ ಕೆಲಸಗಾರರೇ ಇಲ್ಲ ಅಂದರೆ ಹೊರಗಿನ ಪುರಾವೆ ಬೇಕು. ಅದೇ ಪ್ರದೇಶದ ಕೆಲಸದ ಜಾಹೀರಾತುಗಳು, ಹೆಸರಿರುವ ಸಂಬಳ ಸಮೀಕ್ಷೆ, ಉದ್ಯಮ ಸಂಘ ಅಥವಾ ಕಾರ್ಮಿಕ ಸಂಘದ ಪತ್ರ, ಸರ್ಕಾರಿ ಅಂಕಿಅಂಶ, ಇವು ನಡೆಯುತ್ತವೆ. ಒಂದೇ ಜಾಹೀರಾತಿನ ಸ್ಕ್ರೀನ್‌ಶಾಟ್ ನಂಬಿ ಕೂರಬೇಡಿ. ಬೇರೆ ಬೇರೆ ಕಡೆಯ ಎರಡು ಮೂರು ಪುರಾವೆ ಒಂದೇ ಮಾತು ಹೇಳಿದರೆ ಅಧಿಕಾರಿಗೂ ಅನುಮಾನ ಇರುವುದಿಲ್ಲ. ಮೆಲ್ಬರ್ನ್ ನಗರದ ಕೆಲಸಕ್ಕೆ ಟ್ಯಾಸ್ಮೇನಿಯಾದ ಜಾಹೀರಾತು ತೋರಿಸುವುದೂ ಬೇಡ.

ಹೆಜ್ಜೆ 4: ಎರಡನ್ನೂ ಪಕ್ಕಪಕ್ಕ ಇಡಿ

ನಿಯಮ ಇಷ್ಟು: ಕೊಡುವ ಸಂಬಳ ಮಾರುಕಟ್ಟೆ ದರಕ್ಕಿಂತ ಕಡಿಮೆ ಇರಬಾರದು, ಕನಿಷ್ಠ ಮಿತಿಗಿಂತಲೂ ಕಡಿಮೆ ಇರಬಾರದು. ಮೂರು ಲೆಕ್ಕ ನೋಡೋಣ. ಇವು ಬರೀ ವಿವರಣೆಗೆ ಮಾಡಿಕೊಂಡ ಅಂಕಿಗಳು.

ಮಾರುಕಟ್ಟೆ ದರ 95,000 ಇರುವ ಎಂಜಿನಿಯರ್‌ಗೆ 80,000 ಕೊಡಲು ಹೊರಟರೆ ಮಿತಿ ದಾಟಿದೆ, ಆದರೂ ನಡೆಯದು. 95,000 ಕೊಡಬೇಕು.

ಮಾರುಕಟ್ಟೆ ದರ 78,000 ಇರುವ ಮೆಕ್ಯಾನಿಕ್‌ಗೆ 78,000 ಕೊಟ್ಟರೆ ಎರಡೂ ಸರಿ.

ಮೂರನೆಯದು ತಲೆ ಕೆರೆದುಕೊಳ್ಳುವಂಥದ್ದು. ಮಾರುಕಟ್ಟೆ ದರ 70,000 ಇದೆ, ನೀವು ಮಿತಿ ದಾಟಲಿ ಅಂತ 77,000 ಕೊಡಲು ತಯಾರಿದ್ದೀರಿ. ಸರಿಹೋಗಬೇಕಲ್ಲ ಅನ್ನಿಸುತ್ತದೆ. ಸರಿಹೋಗುವುದಿಲ್ಲ. ಕೋರ್ ಸ್ಟ್ರೀಮ್‌ನಲ್ಲಿ ಮಾರುಕಟ್ಟೆ ದರವೇ ಕನಿಷ್ಠ ಮಿತಿಯಷ್ಟಾದರೂ ಇರಬೇಕು. ಸ್ಥಳೀಯರಿಗೆ 70,000ಕ್ಕೆ ಸಿಗುವ ಕೆಲಸವನ್ನು ಈ ವೀಸಾದ ಮಟ್ಟದ ಕೆಲಸ ಅಂತ ಸರ್ಕಾರ ಒಪ್ಪುವುದಿಲ್ಲ ಅನ್ನುವುದು ಇದರ ಹಿಂದಿನ ಯೋಚನೆ. ಸಂಬಳವನ್ನು ಸುಮ್ನೆ ಮೇಲಕ್ಕೆಳೆದು ತೋರಿಸಿದರೆ, ವೀಸಾಗಾಗಿಯೇ ಹುಟ್ಟಿಸಿದ ಕೆಲಸವೇನೋ ಅನ್ನುವ ಅನುಮಾನವೂ ಬರುತ್ತದೆ.

ಒಂದು ಹೊರತು ಇದೆ. ವರ್ಷಕ್ಕೆ 2,50,000 ಅಥವಾ ಅದಕ್ಕಿಂತ ಜಾಸ್ತಿ ಕೊಡುವವರು ಮಾರುಕಟ್ಟೆ ದರ ಸಾಬೀತು ಮಾಡಬೇಕಿಲ್ಲ.

ಹೆಜ್ಜೆ 5: ಗಂಟೆ ಲೆಕ್ಕವನ್ನೂ ಹಾಕಿ

ಪೂರ್ಣಾವಧಿ ಕೆಲಸ ಅಂದರೆ ವಾರಕ್ಕೆ 38 ಗಂಟೆ. 76,515ನ್ನು 52 ವಾರ, 38 ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 38.72 ಡಾಲರ್. 2025ರ ಜುಲೈನಿಂದ ದೇಶದ ಕನಿಷ್ಠ ಕೂಲಿ ಗಂಟೆಗೆ 24.95. ನೋಡಲು ಧಾರಾಳ ಅನ್ನಿಸುತ್ತದೆ.

ಅದೇ ಸಂಬಳಕ್ಕೆ ವಾರಕ್ಕೆ 50 ಗಂಟೆ ದುಡಿಸಿದರೆ ಗಂಟೆಗೆ 29.43ಕ್ಕೆ ಇಳಿಯುತ್ತದೆ. ಅದರಲ್ಲಿ ರಾತ್ರಿ ಪಾಳಿ, ಶನಿವಾರ, ಭಾನುವಾರ, ಸರ್ಕಾರಿ ರಜೆಯ ಕೆಲಸ ಸೇರಿದರೆ ಅವಾರ್ಡ್ ಪ್ರಕಾರ ಕೊಡಬೇಕಾದ ಪೆನಾಲ್ಟಿ ರೇಟ್ (ಇಂಥ ಹೊತ್ತಿನ ಕೆಲಸಕ್ಕೆ ಕೊಡುವ ಹೆಚ್ಚಿನ ದರ) ಮತ್ತು ಓವರ್‌ಟೈಮ್ ಈ ವಾರ್ಷಿಕ ಸಂಬಳವನ್ನು ಮೀರಿಬಿಡಬಹುದು. ಆಗ ವೀಸಾ ಮಿತಿ ದಾಟಿದ್ದರೂ ಫೇರ್ ವರ್ಕ್ ಕಾನೂನಿನಲ್ಲಿ ನೀವು ಕಡಿಮೆ ಕೊಟ್ಟಂತೆ. ವಾರ್ಷಿಕ ಸಂಬಳ ಅಂತ ಒಂದು ಅಂಕಿ ಬರೆದ ಮಾತ್ರಕ್ಕೆ ಅವಾರ್ಡ್ ಮಾಯವಾಗುವುದಿಲ್ಲ. ಹೋಟೆಲ್ ಕೆಲಸಕ್ಕೆ ಕರೆಸಿಕೊಳ್ಳುವವರು ಒಂದು ಮಾಮೂಲಿ ವಾರದ ರೋಸ್ಟರ್ ಬರೆದು, ಅವಾರ್ಡ್ ದರದಲ್ಲಿ ಗಂಟೆ ಗಂಟೆಗೆ ಲೆಕ್ಕ ಹಾಕಿ, ನಂತರ ಸಂಬಳ ತೀರ್ಮಾನಿಸಿ. ನನ್ನನ್ನು ಕೇಳಿದರೆ ಇಡೀ ಪ್ರಕ್ರಿಯೆಯಲ್ಲಿ ಅತಿ ಉಪಯೋಗದ ಅರ್ಧ ಗಂಟೆ ಇದೇ.

ಹೆಜ್ಜೆ 6: ಜಾಹೀರಾತು

ನಾಮಿನೇಷನ್‌ಗೆ ಮೊದಲು ಸ್ಥಳೀಯರು ಸಿಗುತ್ತಾರೆಯೇ ಅಂತ ಹುಡುಕಿದ್ದನ್ನು ತೋರಿಸಬೇಕು. ಸಾಮಾನ್ಯವಾಗಿ ಎರಡು ಜಾಹೀರಾತು, ತಲಾ 28 ದಿನವಾದರೂ, ನಾಮಿನೇಷನ್ ಹಾಕುವ ಮುಂಚೆ ಇಲಾಖೆ ಹೇಳಿದ ಅವಧಿಯೊಳಗೆ. ವ್ಯಾಪಾರ ಒಪ್ಪಂದಗಳಿಂದಾಗಿ ಕೆಲವು ದೇಶದವರಿಗೆ ಇದರಿಂದ ವಿನಾಯಿತಿ ಇದೆ.

ಸಂಬಳಕ್ಕೂ ಇದಕ್ಕೂ ಏನು ಸಂಬಂಧ? ಕೊಡುವ ಸಂಬಳ 96,400ಕ್ಕಿಂತ ಕಡಿಮೆ ಇದ್ದರೆ ಜಾಹೀರಾತಿನಲ್ಲಿ ಅದನ್ನು ಬರೆಯಲೇಬೇಕು. "80,000ದಿಂದ 85,000" ಅಂತ ವ್ಯಾಪ್ತಿ ಕೊಟ್ಟರೂ ಆಗುತ್ತದೆ. "ಆಕರ್ಷಕ ಸಂಬಳ" ಅಂತ ಬರೆದ ಜಾಹೀರಾತು ಬರೀ ದುಡ್ಡು ದಂಡ, ಮತ್ತೆ ನಾಲ್ಕು ವಾರ ಕಾಯಬೇಕು. ಜಾಹೀರಾತಿನಲ್ಲಿ ಒಂದು ಅಂಕಿ, ನಾಮಿನೇಷನ್‌ನಲ್ಲಿ ಇನ್ನೊಂದು ಅಂಕಿ ಇದ್ದರೂ ಪ್ರಶ್ನೆ ಏಳುತ್ತದೆ. ಆದ್ದರಿಂದಲೇ ಸಂಬಳದ ಲೆಕ್ಕ ಜಾಹೀರಾತಿಗಿಂತ ಮೊದಲು ಮುಗಿದಿರಬೇಕು.

ಜುಲೈ ಹತ್ತಿರವಿದ್ದರೆ ಇನ್ನೊಂದು ಎಚ್ಚರ. ಮೇ ತಿಂಗಳಲ್ಲಿ ಹಳೆಯ ಮಿತಿಗೆ ಅಂಟಿಕೊಂಡು ಜಾಹೀರಾತು ಕೊಟ್ಟು, ಜುಲೈ 1ರ ನಂತರ ನಾಮಿನೇಷನ್ ಹಾಕಿದರೆ ಹೊಸ ಮಿತಿ ಅನ್ವಯವಾಗುತ್ತದೆ. ಸಂಬಳ ಮಿತಿಯ ಅಂಚಿನಲ್ಲೇ ಇದ್ದರೆ ಜೂನ್ 30ರೊಳಗೆ ಸಲ್ಲಿಸಿ, ಇಲ್ಲದಿದ್ದರೆ ಏರಲಿರುವ ಮಿತಿಗೆ ಜಾಗ ಬಿಟ್ಟು ಸಂಬಳ ಇಡಿ.

ಹೆಜ್ಜೆ 7: ಯಾರ ಖರ್ಚು ಯಾರದ್ದು

ಸ್ಪಾನ್ಸರ್ ಆಗಿ ಮಂಜೂರಾಗಲು 420 ಡಾಲರ್, ನಾಮಿನೇಷನ್‌ಗೆ 330. ಇವೆರಡಕ್ಕಿಂತ ಭಾರದ್ದು ಎಸ್‌ಎಎಫ್ ಲೆವಿ, ಅಂದರೆ ಸ್ಥಳೀಯರ ತರಬೇತಿ ನಿಧಿಗೆ ಕಟ್ಟುವ ಹಣ. ವರ್ಷದ ವಹಿವಾಟು ಒಂದು ಕೋಟಿ ಡಾಲರ್‌ಗಿಂತ ಕಡಿಮೆ ಇದ್ದರೆ ವೀಸಾದ ಪ್ರತಿ ವರ್ಷಕ್ಕೆ 1,200, ಅದಕ್ಕಿಂತ ದೊಡ್ಡವರಿಗೆ 1,800. ನಾಲ್ಕು ವರ್ಷದ ವೀಸಾಗೆ ಸಣ್ಣ ಮಾಲೀಕರು 4,800 ಡಾಲರನ್ನು ನಾಮಿನೇಷನ್ ಹಾಕುವಾಗಲೇ ಒಟ್ಟಿಗೆ ಕಟ್ಟಬೇಕು.

ಈ ಮೂರೂ ಮಾಲೀಕರದ್ದೇ. ಕೆಲಸಗಾರರಿಂದ ವಸೂಲಿ ಮಾಡುವಂತಿಲ್ಲ, ಸಂಬಳದಲ್ಲಿ ಹಿಡಿಯುವಂತಿಲ್ಲ, "ಎರಡು ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು" ಅಂತ ಬರೆಸಿಕೊಳ್ಳುವಂತೆಯೂ ಇಲ್ಲ. ಸ್ಪಾನ್ಸರ್‌ಶಿಪ್ ಮತ್ತು ನಾಮಿನೇಷನ್‌ಗೆ ಏಜೆಂಟ್‌ಗೆ ಕೊಟ್ಟ ಫೀಸಿಗೂ ಇದೇ ಮಾತು. ಕೆಲಸಗಾರರು ತಮ್ಮ ವೀಸಾ ಅರ್ಜಿಯ ಫೀಸನ್ನು ತಾವೇ ಕಟ್ಟಬಹುದು.

ಸ್ಪಾನ್ಸರ್ ಮಾಡಲು ದುಡ್ಡು ತೆಗೆದುಕೊಳ್ಳುವುದು 2015ರಿಂದ ಅಪರಾಧ. ಕೊಟ್ಟವರೂ ಸಿಕ್ಕಿಬೀಳುತ್ತಾರೆ, ಅವರ ವೀಸಾ ರದ್ದಾಗಬಹುದು. "ಇಷ್ಟು ಲಕ್ಷ ಕೊಟ್ಟರೆ ಸ್ಪಾನ್ಸರ್ ಮಾಡಿಸ್ತೀನಿ" ಅನ್ನುವವರು ಎದುರಾದರೆ ಮಾತು ಮುಂದುವರಿಸಬೇಡಿ.

ಹೆಜ್ಜೆ 8: ಸಂಬಳ ಕೊಡುವ ರೀತಿ

ನಗದು ಬೇಡ. ಬ್ಯಾಂಕ್ ಖಾತೆಗೇ ಹಾಕಿ. ಕೊಟ್ಟಿದ್ದನ್ನು ಹೊರಗಿನವರೊಬ್ಬರು ಪರಿಶೀಲಿಸಿ ಖಚಿತಪಡಿಸುವಂತಿರಬೇಕು ಅನ್ನುವುದು ಸ್ಪಾನ್ಸರ್‌ನ ಕರ್ತವ್ಯ. ಸಂಬಳ ಕೊಟ್ಟ ಒಂದು ಕೆಲಸದ ದಿನದೊಳಗೆ ಪೇಸ್ಲಿಪ್ ಕೊಡಬೇಕು, ಸಂಬಳದ ದಾಖಲೆಗಳನ್ನು ಏಳು ವರ್ಷ ಇಟ್ಟುಕೊಳ್ಳಬೇಕು.

ಖಾತೆಗೆ ಪೂರ್ತಿ ಹಾಕಿ, ಆಮೇಲೆ ಎಟಿಎಂನಿಂದ ತೆಗೆಸಿ ವಾಪಸ್ ಪಡೆಯುವ ಚಾಳಿ ಕೆಲವರಲ್ಲಿದೆ. ಕಾಗದದಲ್ಲಿ ಎಲ್ಲ ಸರಿ ಕಾಣುತ್ತದೆ ಅಂದುಕೊಳ್ಳುತ್ತಾರೆ. ಪ್ರತಿ ಸಂಬಳದ ಮರುದಿನ ಒಂದೇ ಮೊತ್ತ ನಗದಾಗಿ ಹೋಗುವುದು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಎದ್ದು ಕಾಣುತ್ತದೆ. 2025ರ ಜನವರಿ 1ರಿಂದ ಬೇಕಂತಲೇ ಕಡಿಮೆ ಸಂಬಳ ಕೊಡುವುದು ಕ್ರಿಮಿನಲ್ ಅಪರಾಧ. ವೀಸಾ ಹೆಸರಲ್ಲಿ ಹೆದರಿಸಿ ದುಡಿಸಿಕೊಳ್ಳುವುದೂ 2024ರ ಜುಲೈನಿಂದ ಅಪರಾಧವೇ.

ರೂಮಿನ ಬಾಡಿಗೆ ಹಿಡಿಯಬೇಕಾದರೆ ಕೆಲಸಗಾರರ ಲಿಖಿತ ಒಪ್ಪಿಗೆ ಬೇಕು. ಆ ಕಡಿತ ಮುಖ್ಯವಾಗಿ ಅವರ ಅನುಕೂಲಕ್ಕೇ ಇರಬೇಕು, ಮೊತ್ತವೂ ನ್ಯಾಯವಾಗಿರಬೇಕು.

ಹೆಜ್ಜೆ 9: ವೀಸಾ ಬಂದ ಮೇಲೂ ಲೆಕ್ಕ ಮುಗಿಯುವುದಿಲ್ಲ

ಕನಿಷ್ಠ ಮಿತಿ ಜುಲೈನಲ್ಲಿ ಏರಿತು ಅಂತ ಈಗಾಗಲೇ ವೀಸಾ ಇರುವವರ ಸಂಬಳವನ್ನು ತಾನಾಗಿ ಏರಿಸಬೇಕಿಲ್ಲ. ಹೊಸ ಮಿತಿ ಹೊಸ ನಾಮಿನೇಷನ್‌ಗಳಿಗೆ. ಆದರೆ ಅವಾರ್ಡ್ ದರವೂ ಸಾಮಾನ್ಯವಾಗಿ ಜುಲೈನಲ್ಲೇ ಏರುತ್ತದೆ, 2025ರಲ್ಲಿ 3.5% ಏರಿತು. ಅದು ಎಲ್ಲರಿಗೂ ಅನ್ವಯ. ಜೊತೆಗೆ, ಪಕ್ಕದಲ್ಲಿ ಅದೇ ಕೆಲಸ ಮಾಡುವ ಆಸ್ಟ್ರೇಲಿಯನ್‌ಗೆ ಸಂಬಳ ಜಾಸ್ತಿ ಮಾಡಿದರೆ ಸ್ಪಾನ್ಸರ್ ಮಾಡಿದವರಿಗೂ ಮಾಡಬೇಕು. ನಾಮಿನೇಷನ್‌ನಲ್ಲಿ ಒಪ್ಪಿಗೆಯಾದ ಸಂಬಳಕ್ಕಿಂತ ಕೆಳಗೆ ಇಳಿಯುವಂತಿಲ್ಲ, ವ್ಯಾಪಾರ ಕುಸಿದಿದೆ ಅನ್ನುವ ಕಾರಣಕ್ಕೂ.

ಕೆಲಸದ ಸ್ವರೂಪ ಬದಲಾದರೆ ಎಚ್ಚರ. ಶೆಫ್ ಅಂತ ಕರೆಸಿಕೊಂಡವರನ್ನು ಮ್ಯಾನೇಜರ್ ಮಾಡುವುದಾದರೆ ಸಂಬಳ ಜಾಸ್ತಿ ಕೊಟ್ಟರೆ ಸಾಲದು, ಹೊಸ ನಾಮಿನೇಷನ್ ಬೇಕು.

ಕೆಲಸಗಾರರು ಬಿಟ್ಟುಹೋದರೆ ಅಥವಾ ನೀವೇ ತೆಗೆದರೆ 28 ದಿನದೊಳಗೆ ಇಲಾಖೆಗೆ ತಿಳಿಸಿ. ಬಾಕಿ ಸಂಬಳ, ಉಳಿದ ವಾರ್ಷಿಕ ರಜೆಯ ಹಣ, ಸೂಪರ್ ಎಲ್ಲ ಚುಕ್ತಾ ಮಾಡಿ. ಅವರಿಗೆ ಇನ್ನೊಬ್ಬ ಸ್ಪಾನ್ಸರ್ ಹುಡುಕಿಕೊಳ್ಳಲು ಒಂದು ಸಲಕ್ಕೆ 180 ದಿನ, ವೀಸಾ ಅವಧಿಯಲ್ಲಿ ಒಟ್ಟು 365 ದಿನ ಸಮಯವಿದೆ. ಹಾಗಾಗಿ "ನಾನು ಬಿಟ್ಟರೆ ನೀನು ನಾಳೆಯೇ ವಿಮಾನ ಹತ್ತಬೇಕು" ಅನ್ನುವುದು ಸುಳ್ಳು ಬೆದರಿಕೆ. ದೇಶಕ್ಕೆ ಮರಳುತ್ತೇವೆ, ಪ್ರಯಾಣದ ಖರ್ಚು ಕೊಡಿ ಅಂತ ಅವರು ಬರೆದು ಕೇಳಿದರೆ, ಸ್ಪಾನ್ಸರ್ ಆಗಿ ನೀವು ಅವರ ಮತ್ತು ಜೊತೆಗಿರುವ ಕುಟುಂಬದವರ ಸಾಧಾರಣ ದರ್ಜೆಯ ಟಿಕೆಟ್ ಹಣ ಕೊಡಬೇಕಾಗುತ್ತದೆ. ಒಬ್ಬರನ್ನು ಕರೆಸಿಕೊಳ್ಳುವ ಬಜೆಟ್ ಬರೆಯುವಾಗಲೇ ಈ ಸಾಲನ್ನೂ ಸೇರಿಸಿಡಿ.